ಓಝೋನ್ ಮತ್ತು ಯುವಿ ಸೇರಿದರೆ ಕುಡಿಯುವ ನೀರಿಗೆ ಏನಾಗುತ್ತದೆ?

ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೃಷ್ಣೆಗೆ ಹೊಸ ನೀರು ಬಂತೆಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಡ್ಯಾಮಿಗೆ ಎಷ್ಟು ಬಂತು, ಎಷ್ಟು ಬಿಟ್ಟರು ಎನ್ನುವ ಮಾತಿನ ಜೊತೆಗೇ ಇನ್ನೊಂದು ಸೂಚನೆಯೂ ಓಡಾಡುತ್ತದೆ: ನಳದ ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯಿರಿ. ವಾಂತಿಭೇದಿ, ಟೈಫಾಯ್ಡ್, ಕಾಮಾಲೆಯ ಸುದ್ದಿ ಬರುವುದೂ ಇದೇ ದಿನಗಳಲ್ಲಿ. ಆಗ 20 ಲೀಟರಿನ ಕ್ಯಾನ್ ತರಿಸುವವರು ಹೆಚ್ಚುತ್ತಾರೆ, ಮನೆಗೊಂದು ಪ್ಯೂರಿಫೈಯರ್ ಹಾಕಿಸೋಣವೇ ಎಂದು ಲೆಕ್ಕ ಹಾಕುವವರೂ ಹೆಚ್ಚುತ್ತಾರೆ. ಕ್ಯಾನಿನ ಲೇಬಲ್ಲಿನಲ್ಲಿ, ಅಂಗಡಿಯ ಬೋರ್ಡಿನಲ್ಲಿ 'ಓಝೋನ್ + ಯುವಿ' ಎಂದು ದೊಡ್ಡದಾಗಿ ಬರೆದಿರುತ್ತದೆ. ಏನದು, ಎರಡು ಯಾಕೆ ಬೇಕು, ಎರಡೂ ಇದ್ದರೆ ನೀರು ಪೂರ್ತಿ ಶುದ್ಧವೇ ಎಂದು ಕೇಳಿದರೆ ಉತ್ತರ ಸಾಮಾನ್ಯವಾಗಿ 'ಬೆಸ್ಟ್ ಟೆಕ್ನಾಲಜಿ ರೀ' ಎನ್ನುವಲ್ಲಿಗೇ ಮುಗಿಯುತ್ತದೆ.

ಓಝೋನ್: ಮೂರನೆಯ ಪರಮಾಣುವಿನ ಕೆಲಸ

ನಾವು ಉಸಿರಾಡುವ ಆಮ್ಲಜನಕದ ಒಂದು ಅಣುವಿನಲ್ಲಿ ಎರಡು ಪರಮಾಣುಗಳು ಇರುತ್ತವೆ. ಓಝೋನಿನಲ್ಲಿ ಮೂರು. ಆ ಮೂರನೆಯದು ಗಟ್ಟಿಯಾಗಿ ಕೂತಿರುವುದಿಲ್ಲ. ಎದುರಿಗೆ ಸಿಕ್ಕಿದ್ದರ ಜೊತೆ ಕೂಡಿಕೊಂಡುಬಿಡುತ್ತದೆ. ನೀರಿನಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಅದರ ಹೊರಪೊರೆಯನ್ನು ಒಡೆಯುತ್ತದೆ. ವೈರಸ್ಸಿನ ಕವಚವೂ ಉಳಿಯುವುದಿಲ್ಲ. ನೀರಿಗೆ ಬಂದ ಹಳದಿ ಬಣ್ಣ, ಕೆಟ್ಟ ವಾಸನೆ, ಕರಗಿದ ಕಬ್ಬಿಣ ಇವನ್ನೂ ಅದು ಸುಮ್ಮನೆ ಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ಉಳಿಯುವುದು ಮಾಮೂಲಿ ಆಮ್ಲಜನಕ. ಶಾಲೆಯಲ್ಲಿ ಓದಿದ ಆಕಾಶದ ಓಝೋನ್ ಪದರದಲ್ಲಿರುವುದೂ ಇದೇ ಅನಿಲ.

ಸಿಡಿಲು ಹೊಡೆದ ಮೇಲೆ, ಕೆಲವು ಝೆರಾಕ್ಸ್ ಅಂಗಡಿಗಳ ಒಳಗೆ, ಮೂಗಿಗೆ ಬರುವ ಒಂದು ಚುರುಕು ವಾಸನೆ ಇದೆಯಲ್ಲ, ಅದು ಓಝೋನಿನದು. 1840ರ ಸುಮಾರಿಗೆ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಶೋನ್‌ಬೈನ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಗುರುತಿಸಿದ್ದೂ ವಾಸನೆ ಹಿಡಿದೇ. ಯಂತ್ರದಲ್ಲಿ ಇದನ್ನು ತಯಾರಿಸುವ ಬಗೆಯೂ ಸಿಡಿಲಿನದ್ದೇ: ಒಣ ಗಾಳಿಯನ್ನೋ ಶುದ್ಧ ಆಮ್ಲಜನಕವನ್ನೋ ಕಿರಿದಾದ ಸಂದಿಯಲ್ಲಿ ಹಾಯಿಸಿ, ಅಲ್ಲಿ ಸಾವಿರಾರು ವೋಲ್ಟ್ ವಿದ್ಯುತ್ ಹರಿಸುತ್ತಾರೆ. ಬಂದ ಅನಿಲವನ್ನು ನೀರಿನ ತಳದಿಂದ ಸಣ್ಣ ಗುಳ್ಳೆಗಳಾಗಿ ಬಿಡುತ್ತಾರೆ.

ಕ್ಲೋರಿನ್ ಸಿಲಿಂಡರಿನಲ್ಲಿ ಬರುತ್ತದೆ, ಬ್ಲೀಚಿಂಗ್ ಪೌಡರ್ ಚೀಲದಲ್ಲಿ ಬರುತ್ತದೆ. ಓಝೋನನ್ನು ಹೀಗೆ ತುಂಬಿಡಲು ಬರುವುದಿಲ್ಲ. ನೀರಿನಲ್ಲಿ ಕರಗಿದ ಓಝೋನಿನ ಅರ್ಧ ಪಾಲು ಕೆಲವೇ ನಿಮಿಷಗಳಲ್ಲಿ ಇಲ್ಲವಾಗಿಬಿಡುತ್ತದೆ. ಹಾಗಾಗಿ ಎಲ್ಲಿ ಬೇಕೋ ಅಲ್ಲೇ, ಬೇಕಾದ ಹೊತ್ತಿಗೇ ಉತ್ಪಾದಿಸಬೇಕು. ನೀರು ಬಿಸಿಯಾದಷ್ಟೂ ಓಝೋನ್ ಕರಗುವುದು ಕಡಿಮೆ, ಒಡೆಯುವುದು ಬೇಗ. ಕ್ಷಾರ ಗುಣದ ನೀರಿನಲ್ಲೂ ಅದರ ಆಯುಷ್ಯ ಕಡಿಮೆ. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ವಿಜಯಪುರದಲ್ಲಿ, ಛಾವಣಿಯ ಟಾಕಿಯಲ್ಲಿ ಕಾದು ಇಳಿದ ನೀರಿಗೂ ಯುರೋಪಿನ ಥಂಡಿ ನೀರಿಗೂ ಒಂದೇ ಲೆಕ್ಕ ಹಾಕಲು ಆಗುವುದಿಲ್ಲ.

ಆ ಲೆಕ್ಕದಲ್ಲಿ ಇರುವುದು ಎರಡು ಅಂಶ: ನೀರಿನಲ್ಲಿ ಎಷ್ಟು ಓಝೋನ್ ಇದೆ, ಎಷ್ಟು ಹೊತ್ತು ಇದೆ. ಒಂದನ್ನು ಇನ್ನೊಂದರಿಂದ ಗುಣಿಸಬೇಕು. ಲೀಟರಿಗೆ 0.4 ಮಿಲಿಗ್ರಾಂ ಓಝೋನ್ 4 ನಿಮಿಷ ಉಳಿಯಬೇಕು ಎನ್ನುವುದು ವೈರಸ್ ನಾಶಕ್ಕೆ ಫ್ರಾನ್ಸಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಅಳತೆ. ಅದೇ ದೇಶದ ನೀಸ್ ನಗರ 1906ರಿಂದಲೇ ಓಝೋನ್ ಹಾಕಿದ ನೀರು ಕುಡಿದಿದೆ. ಬೋರ್ಡಿನಲ್ಲಿ 'ಹೊಸ ತಂತ್ರಜ್ಞಾನ' ಎಂದಿದ್ದರೂ ಸಂಗತಿ ಶತಮಾನ ಹಳೆಯದು.

ಯುವಿ: ಕೊಲ್ಲುವುದಲ್ಲ, ವಂಶ ನಿಲ್ಲಿಸುವುದು

ಯುವಿ ಅಂದರೆ ಅತಿನೇರಳೆ ಕಿರಣ, ಕಣ್ಣಿಗೆ ಕಾಣದ ಬೆಳಕು. ನೀರಿಗೆ ಬಳಸುವ ಮಾಮೂಲಿ ದೀಪದೊಳಗೆ ಪಾದರಸದ ಆವಿ ಇರುತ್ತದೆ. ಅದು ಮುಖ್ಯವಾಗಿ 254 ನ್ಯಾನೋಮೀಟರ್ ತರಂಗಾಂತರದ ಬೆಳಕು ಕೊಡುತ್ತದೆ. ಜೀವಕೋಶದ ಡಿಎನ್‌ಎ ಈ ಬೆಳಕನ್ನು ಚೆನ್ನಾಗಿ ಹೀರುತ್ತದೆ. ಹೀರಿದಾಗ ಡಿಎನ್‌ಎ ಎಳೆಯಲ್ಲಿ ಅಕ್ಕಪಕ್ಕದ ಕೊಂಡಿಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ ಮೇಲೆ ಸೂಕ್ಷ್ಮಾಣು ತನ್ನ ಪ್ರತಿ ಮಾಡಿಕೊಳ್ಳಲಾರದು. ಹುರಿದ ಜೋಳವನ್ನು ಬಿತ್ತಿದರೆ ಹೇಗೋ ಹಾಗೆ: ಕಾಳು ಕಾಳಾಗಿಯೇ ಕಾಣುತ್ತದೆ, ಮೊಳಕೆ ಮಾತ್ರ ಒಡೆಯುವುದಿಲ್ಲ. ಹೊಟ್ಟೆಗೆ ಹೋದ ರೋಗಾಣು ಅಲ್ಲಿ ಬೆಳೆದು ಹೆಚ್ಚಿದರೆ ತಾನೇ ಕಾಯಿಲೆ? ಹೆಚ್ಚುವುದೇ ನಿಂತರೆ ಕಾಯಿಲೆ ಬರುವುದಿಲ್ಲ.

ಓಝೋನಿಗೆ ನಿಮಿಷಗಳು ಬೇಕು, ಯುವಿಗೆ ಕೆಲವೇ ಸೆಕೆಂಡು ಸಾಕು. ನೀರಿಗೆ ಏನನ್ನೂ ಬೆರೆಸುವುದಿಲ್ಲ, ರುಚಿ ಬದಲಾಗುವುದಿಲ್ಲ. ಕುಡಿಯುವ ನೀರಿನ ಯುವಿ ಉಪಕರಣಗಳಿಗೆ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 40 ಮಿಲಿಜೌಲ್ (ಬೆಳಕಿನ ಶಕ್ತಿಯ ಅಳತೆ) ಪ್ರಮಾಣವನ್ನು ಗುರಿಯಾಗಿ ಇಟ್ಟುಕೊಳ್ಳುತ್ತಾರೆ. ಇದೂ ಹಳೆಯದೇ, ಫ್ರಾನ್ಸಿನ ಮಾರ್ಸೇಯ್‌ನಲ್ಲಿ 1910ರಲ್ಲೇ ಪ್ರಯೋಗ ಆಗಿತ್ತು.

ಉಪಕರಣವನ್ನು ಬಿಚ್ಚಿ ನೋಡಿದರೆ ಒಳಗಿರುವುದು ಕಡಿಮೆಯೇ. ಒಂದು ಸ್ಟೀಲ್ ಕೊಳವೆ, ಅದರ ನಡುವೆ ಕ್ವಾರ್ಟ್ಜ್ ಗಾಜಿನ ತೋಳು, ತೋಳಿನೊಳಗೆ ಟ್ಯೂಬ್‌ಲೈಟಿನ ಆಕಾರದ ತೆಳು ದೀಪ. ನೀರು ಸ್ಟೀಲಿಗೂ ಗಾಜಿಗೂ ನಡುವಿನ ಜಾಗದಲ್ಲಿ ಹರಿಯುತ್ತದೆ. ಸಾದಾ ಗಾಜು ಈ ಕಿರಣವನ್ನು ತಡೆಯುತ್ತದೆ, ಕ್ವಾರ್ಟ್ಜ್ ಬಿಡುತ್ತದೆ. ಅದಕ್ಕೇ ಆ ದುಬಾರಿ ಗಾಜು. ನಮ್ಮ ಕಡೆಯ ಬೋರ್‌ವೆಲ್ ನೀರಿನ ತಾಪತ್ರಯ ಶುರುವಾಗುವುದು ಇಲ್ಲೇ. ಗಡಸು ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪೊರೆ ಕಟ್ಟುತ್ತದಲ್ಲ, ಅದೇ ಸುಣ್ಣದ ಪೊರೆ ದೀಪದ ಶಾಖಕ್ಕೆ ಈ ಗಾಜಿನ ಮೇಲೂ ಕೂಡುತ್ತದೆ. ಬೆರಳಿನಿಂದ ಉಜ್ಜಿದರೆ ತರಕಲು ಹತ್ತುತ್ತದೆ. ಆ ಪೊರೆಯ ಹಿಂದೆ ದೀಪ ಉರಿಯುತ್ತಲೇ ಇರುತ್ತದೆ, ತುದಿಯಲ್ಲಿ ನೀಲಿ ಬೆಳಕು ಕಾಣುತ್ತಲೇ ಇರುತ್ತದೆ, ರೋಗಾಣುವಿಗೆ ತಾಗಬೇಕಾದ ಕಿರಣ ಮಾತ್ರ ನೀರಿಗೆ ಇಳಿಯುವುದಿಲ್ಲ. ಕಣ್ಣಿಗೆ ಕಾಣುವ ಆ ನೀಲಿ ಯುವಿಯೇ ಅಲ್ಲ. ದೀಪಕ್ಕೂ ವಯಸ್ಸಿದೆ: ಹಗಲು ರಾತ್ರಿ ಉರಿದರೆ ಸುಮಾರು ಒಂದು ವರ್ಷ, ಅಂದರೆ 8 ಸಾವಿರದಿಂದ 9 ಸಾವಿರ ಗಂಟೆ. ಆಮೇಲೂ ಅದು ಬೆಳಗುತ್ತದೆ, ಆದರೆ ಕಿರಣದ ಬಲ ಇಳಿದಿರುತ್ತದೆ. ಒಳ್ಳೆಯ ಉಪಕರಣಗಳಲ್ಲಿ ಇದನ್ನು ಅಳೆಯಲು ಸೆನ್ಸರ್ ಇರುತ್ತದೆ; ಅಗ್ಗದವುಗಳಲ್ಲಿ ಒಂದು ಸಣ್ಣ ಇಂಡಿಕೇಟರ್ ಇರುತ್ತದೆ, ಅದು ಕರೆಂಟ್ ಬಂದಿದೆ ಎಂದಷ್ಟೇ ಹೇಳುತ್ತದೆ.

ಎರಡೂ ಯಾಕೆ?

1993ರಲ್ಲಿ ಅಮೆರಿಕದ ಮಿಲ್ವಾಕಿ ನಗರದಲ್ಲಿ ಸುಮಾರು 4 ಲಕ್ಷ ಜನ ಭೇದಿಯಿಂದ ಮಲಗಿದರು. ನೀರಿಗೆ ಕ್ಲೋರಿನ್ ಹಾಕಿರಲಿಲ್ಲವೇ? ಹಾಕಿದ್ದರು. ಕಾರಣ ಕ್ರಿಪ್ಟೋಸ್ಪೊರಿಡಿಯಂ ಎಂಬ ಪರಾವಲಂಬಿ ಜೀವಿ. ದನಕರುಗಳ ಮತ್ತು ಮನುಷ್ಯರ ಮಲದಿಂದ ನೀರಿಗೆ ಸೇರುವ ಇದು ಗಟ್ಟಿ ಕವಚದೊಳಗೆ ಕೂತಿರುತ್ತದೆ. ಕುಡಿಯುವ ನೀರಿಗೆ ಹಾಕುವ ಪ್ರಮಾಣದ ಕ್ಲೋರಿನ್ ಅದನ್ನು ಏನೂ ಮಾಡುವುದಿಲ್ಲ. ಓಝೋನ್ ಮಾಡುತ್ತದೆ, ಆದರೆ ವೈರಸ್ಸಿಗೆ ಸಾಲುವುದಕ್ಕಿಂತ ಅನೇಕ ಪಟ್ಟು ಹೆಚ್ಚು ಬೇಕು.

1990ರ ದಶಕದ ಕೊನೆಯಲ್ಲಿ ಒಂದು ಸಂಗತಿ ಖಚಿತವಾಯಿತು: ಅಷ್ಟು ಗಟ್ಟಿಯಾದ ಈ ಜೀವಿ ಯುವಿಗೆ ಬಹಳ ಮೆತ್ತಗೆ. ಕವಚವನ್ನು ಒಡೆಯುವ ಗೋಜೇ ಇಲ್ಲ, ಬೆಳಕು ಒಳಗೆ ಹಾಯ್ದು ಡಿಎನ್‌ಎ ಮುಟ್ಟಿದರೆ ಮುಗಿಯಿತು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಕೋಷ್ಟಕದಲ್ಲಿ ಸಾವಿರಕ್ಕೆ 999 ಕ್ರಿಪ್ಟೋಸ್ಪೊರಿಡಿಯಂ ನಿಷ್ಕ್ರಿಯವಾಗಲು ಚದರ ಸೆಂಟಿಮೀಟರಿಗೆ 12 ಮಿಲಿಜೌಲ್ ಸಾಕು ಎಂದಿದೆ. ಅದೇ ಕೋಷ್ಟಕದಲ್ಲಿ ವೈರಸ್ಸುಗಳ ಸಾಲು ನೋಡಿದರೆ ಲೆಕ್ಕ ತಿರುಗಾಮುರುಗಾ ಆಗುತ್ತದೆ. ಅಡಿನೋವೈರಸ್ ಎಂಬ ಮೊಂಡು ಜಾತಿಯನ್ನು ಆಧಾರವಾಗಿಟ್ಟು, ಹತ್ತು ಸಾವಿರಕ್ಕೆ 9,999 ವೈರಸ್ ನಿಷ್ಕ್ರಿಯವಾಗಲು 186 ಮಿಲಿಜೌಲ್ ಬೇಕು ಎಂದು ಬರೆದಿದ್ದಾರೆ. ಮಾಮೂಲಿ ಯುವಿ ಉಪಕರಣದ 40 ಅಲ್ಲಿ ಸಾಲುವುದಿಲ್ಲ. ಓಝೋನಿಗೋ, ವೈರಸ್ ಸುಲಭದ ತುತ್ತು.

ಒಂದಕ್ಕೆ ಆಗದ್ದನ್ನು ಇನ್ನೊಂದು ಮಾಡುತ್ತದೆ. ಎರಡನ್ನು ಜೊತೆಗೂಡಿಸಲು ಇದೇ ಮೊದಲ ಕಾರಣ. ಎರಡನೆಯದೂ ಇದೆ: ಮೊದಲು ಓಝೋನ್ ಹಾಯಿಸಿದರೆ ನೀರಿನ ಬಣ್ಣ ಕಳೆಯುತ್ತದೆ, ಹಿಂದೆ ಬರುವ ಯುವಿ ನೀರಿನೊಳಗೆ ಹೆಚ್ಚು ದೂರ ಹೋಗುತ್ತದೆ. ಹೀಗಾಗಿ ದೊಡ್ಡ ಶುದ್ಧೀಕರಣ ಘಟಕಗಳಲ್ಲಿ ಸಾಮಾನ್ಯವಾಗಿ ಓಝೋನ್ ಮುಂದೆ, ಯುವಿ ಹಿಂದೆ.

ಆದರೆ ನಡುವೆ ಸ್ವಲ್ಪ ಅಂತರ ಬೇಕು. ಆಕಾಶದಲ್ಲಿ ಓಝೋನ್ ಸೂರ್ಯನ ಅತಿನೇರಳೆ ಕಿರಣ ತಡೆಯುತ್ತದೆಂದು ಓದಿದ್ದೇವಲ್ಲ, ಕೊಳವೆಯೊಳಗೂ ಅದರ ಗುಣ ಅದೇ. 254 ನ್ಯಾನೋಮೀಟರಿನ ಬೆಳಕನ್ನು ಅದು ಗಟ್ಟಿಯಾಗಿ ಹೀರುತ್ತದೆ. ಓಝೋನ್ ಇನ್ನೂ ಉಳಿದಿರುವ ನೀರನ್ನು ದೀಪದ ಮುಂದೆ ತಂದರೆ ಬೆಳಕಿನ ಒಂದು ಪಾಲು ರೋಗಾಣುವಿಗೆ ತಲುಪುವ ಬದಲು ಓಝೋನಿಗೇ ಖರ್ಚಾಗುತ್ತದೆ. ಸೋಂಕು ನಿವಾರಣೆಯೊಂದೇ ಗುರಿಯಾದರೆ ಓಝೋನ್ ಕಳೆದುಹೋಗುವವರೆಗೆ ನೀರನ್ನು ನಿಲ್ಲಿಸಿ ಆಮೇಲೆ ಯುವಿಗೆ ಬಿಡುವುದು ಸರಿ.

ಬೇಕೆಂದೇ ಒಂದೇ ಕಡೆ ಕೂಡಿಸಿದರೆ

ಕೆಲವು ಕಡೆ ಉದ್ದೇಶಪೂರ್ವಕವಾಗಿಯೇ ಓಝೋನ್ ತುಂಬಿದ ನೀರಿಗೆ ಯುವಿ ಬೀರುತ್ತಾರೆ. ಬೆಳಕು ಓಝೋನನ್ನು ಒಡೆಯುತ್ತದೆ, ಬಿಡುಗಡೆಯಾದ ಆಮ್ಲಜನಕ ನೀರಿನೊಂದಿಗೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ಅದರಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎಂಬ ತುಣುಕು ಹುಟ್ಟುತ್ತದೆ. ಇದು ಓಝೋನಿಗಿಂತಲೂ ಉಗ್ರ, ಬಾಳುವುದು ಮಾತ್ರ ಸೆಕೆಂಡಿನ ಅತಿ ಸಣ್ಣ ಭಾಗ. ಓಝೋನಿಗೆ ಬಗ್ಗದ ಕೆಲವು ಕೀಟನಾಶಕ, ಕಳೆನಾಶಕ, ಔಷಧಿಯ ಉಳಿಕೆ, ಬೇಸಿಗೆಯಲ್ಲಿ ಜಲಾಶಯದ ಪಾಚಿಯಿಂದ ನೀರಿಗೆ ಬರುವ ಮಣ್ಣು ವಾಸನೆ ಇವನ್ನು ಒಡೆಯಲು ಇದನ್ನು ಬಳಸುತ್ತಾರೆ.

ಇದಕ್ಕೆ ಬೇಕಾದ ಯುವಿ ಪ್ರಮಾಣ ಬರೀ ಸೋಂಕು ನಿವಾರಣೆಗೆ ಬೇಕಾದುದಕ್ಕಿಂತ ಬಹಳ ಹೆಚ್ಚು, ಕರೆಂಟ್ ಬಿಲ್ಲೂ ಅದಕ್ಕೆ ತಕ್ಕಂತೆ. ಅದರ ಮೇಲೆ, ನೀರಿನಲ್ಲಿರುವ ಬೈಕಾರ್ಬನೇಟ್ ಈ ರ‍್ಯಾಡಿಕಲ್ಲುಗಳನ್ನು ನಡುದಾರಿಯಲ್ಲೇ ನುಂಗಿಬಿಡುತ್ತದೆ. ಗಡಸು, ಕ್ಷಾರದ ಬೋರ್‌ವೆಲ್ ನೀರಿನಲ್ಲಿ ಅದು ಧಾರಾಳ. ಕಬ್ಬಿನ ಹೊಲಗಳ ನಡುವೆ ಹರಿದು ಬರುವ ನದಿನೀರಿಗೆ ಮುಂದೊಂದು ದಿನ ನಗರಮಟ್ಟದಲ್ಲಿ ಇದರ ವಿಚಾರ ಬರಬಹುದು. ಅಡುಗೆಮನೆಯ ಗೋಡೆಗೆ ನೇತುಹಾಕುವ ಯಂತ್ರ ಇದನ್ನು ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನಾನಂತೂ ಸುಲಭಕ್ಕೆ ನಂಬುವುದಿಲ್ಲ.

ರಾಡಿ ನೀರಿಗೆ ಮೊದಲು ಬೇರೆ ಉಪಚಾರ

ಜುಲೈ ತಿಂಗಳ ಕೃಷ್ಣೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದರೆ ಆಚೆ ಬದಿಯ ಬೆರಳು ಕಾಣುವುದಿಲ್ಲ. ಬೆರಳೇ ಕಾಣದಲ್ಲಿ ಯುವಿ ಹಾಯುವುದೆಲ್ಲಿ? ಮಣ್ಣಿನ ಕಣದ ಮರೆಯಲ್ಲಿ ಕೂತ ರೋಗಾಣುವಿಗೆ ಬೆಳಕು ತಾಗುವುದೇ ಇಲ್ಲ. ಓಝೋನ್ ಕೂಡ ರಾಡಿಯಲ್ಲಿರುವ ಸಾವಯವ ಕಸವನ್ನು ತಿನ್ನುವುದರಲ್ಲೇ ಮುಗಿದುಹೋಗುತ್ತದೆ. ಆದ್ದರಿಂದ ಆಲಂ ಹಾಕಿ ಮಣ್ಣು ಗಟ್ಟಿಮಾಡಿ ತಳಕ್ಕಿಳಿಸುವುದು, ಮರಳಿನ ಹಾಸಿನಲ್ಲಿ ಸೋಸುವುದು, ಇವೆರಡು ಆಗದೆ ಮುಂದಿನ ಯಾವುದೂ ನಡೆಯದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಕದಡುವಿಕೆ 1 ಎನ್‌ಟಿಯು (ಕದಡನ್ನು ಅಳೆಯುವ ಮಾನ) ಒಳಗಿರಬೇಕು, ಬೇರೆ ಮೂಲ ಇಲ್ಲದಿದ್ದರೆ 5ರವರೆಗೆ ನಡೆಯುತ್ತದೆ.

ತಿಳಿಯಾಗಿಸಿ ಕಳಿಸುವ ಈ ಬುದ್ಧಿ ವಿಜಯಪುರಕ್ಕೆ ಹೊಸದಲ್ಲ. ಆದಿಲ್‌ಶಾಹಿಗಳು ಬೇಗಂ ತಲಾಬಿನಿಂದ ಊರೊಳಗೆ ಮಣ್ಣಿನ ಕೊಳವೆಯಲ್ಲಿ ನೀರು ತಂದಾಗ ದಾರಿಯುದ್ದಕ್ಕೂ ಗಂಜ್ ಎಂಬ ಗೋಪುರಗಳನ್ನು ಕಟ್ಟಿದ್ದರು. ನೀರಿನ ಒತ್ತಡ ಇಳಿಸುವುದು ಒಂದು ಕೆಲಸ, ಹೂಳು ತಳಕ್ಕೆ ಕೂರಲು ಬಿಡುವುದು ಇನ್ನೊಂದು. ಅವುಗಳಲ್ಲಿ ಕೆಲವು ಈಗಲೂ ನಿಂತಿವೆ.

ಫ್ಲೋರೈಡ್, ಉಪ್ಪು ಎಲ್ಲಿಗೂ ಹೋಗುವುದಿಲ್ಲ

ಇಲ್ಲಿ ತಪ್ಪು ತಿಳಿವಳಿಕೆ ಬಹಳ. ಓಝೋನ್, ಯುವಿ ಎರಡೂ ಮುಖ್ಯವಾಗಿ ಜೀವಿಗಳ ಮೇಲೆ ಕೆಲಸ ಮಾಡುವಂಥವು. ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಅನೇಕ ಹಳ್ಳಿಗಳ ಬೋರ್‌ವೆಲ್ಲಿನಲ್ಲಿ ಬರುವ ಫ್ಲೋರೈಡ್ ಜೀವಿಯಲ್ಲ, ಖನಿಜ. ಓಝೋನ್ ಎಷ್ಟು ಹಾಯಿಸಿದರೂ ದೀಪ ಎಷ್ಟು ಹೊತ್ತು ಉರಿಸಿದರೂ ಅದು ಇದ್ದಷ್ಟೇ ಇರುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, 1.5 ದಾಟಬಾರದು ಎನ್ನುವುದು ಮಾನಕ. ಸವುಳು, ಗಡಸುತನ, ಗೊಬ್ಬರದಿಂದ ಇಳಿಯುವ ನೈಟ್ರೇಟ್ ಕಥೆಯೂ ಅಷ್ಟೇ. ಇವಕ್ಕೆ ಬೇಕಾದದ್ದು ಉಪ್ಪು, ಖನಿಜಗಳನ್ನು ತಡೆಯುವ ಸೂಕ್ಷ್ಮ ಪೊರೆಯ ಮೂಲಕ ನೀರನ್ನು ಒತ್ತಿ ಹಾಯಿಸುವ ಆರ್‌ಒ, ಇಲ್ಲವೇ ಆಯಾ ಖನಿಜಕ್ಕೆಂದೇ ಇರುವ ಬೇರೆ ಫಿಲ್ಟರ್. ಊರಿನ 'ಶುದ್ಧ ಕುಡಿಯುವ ನೀರಿನ ಘಟಕ'ದಲ್ಲಿ ನಾಣ್ಯ ಹಾಕಿ ಕೊಡ ತುಂಬಿಸಿಕೊಳ್ಳುತ್ತೇವಲ್ಲ, ಅಲ್ಲಿ ಮುಖ್ಯ ಕೆಲಸ ಮಾಡುವುದು ಆರ್‌ಒ ಪೊರೆ.

ಉಪ್ಪಿನ ವಿಚಾರದಲ್ಲಿ ಓಝೋನಿಗೆ ಒಂದು ಅಡ್ಡ ಪರಿಣಾಮವೂ ಇದೆ. ಸವುಳು ನೀರಿನಲ್ಲಿ ಬ್ರೋಮೈಡ್ ಎಂಬ ಲವಣವೂ ಇರಬಹುದು. ಅದು ಇದ್ದ ಹಾಗೆ ತೊಂದರೆಯದಲ್ಲ, ಓಝೋನ್ ತಾಗಿದರೆ ಬ್ರೋಮೇಟ್ ಆಗುತ್ತದೆ. ಬ್ರೋಮೇಟ್ ಕ್ಯಾನ್ಸರ್ ತರಬಹುದಾದ ವಸ್ತುಗಳ ಪಟ್ಟಿಯಲ್ಲಿದೆ. ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಇದರ ಪ್ರಸಿದ್ಧ ಪ್ರಸಂಗ 2004ರ ಬ್ರಿಟನ್ನಿನದು. ಕೋಕಾ-ಕೋಲಾ ಅಲ್ಲಿ ದಸಾನಿ ಎಂಬ ಬಾಟಲಿ ನೀರನ್ನು ಬಿಡುಗಡೆ ಮಾಡಿ ಕೆಲವೇ ವಾರಗಳಲ್ಲಿ ಸುಮಾರು 5 ಲಕ್ಷ ಬಾಟಲಿ ಹಿಂದಕ್ಕೆ ಪಡೆಯಬೇಕಾಯಿತು. ನಳದ ನೀರನ್ನು ಶುದ್ಧೀಕರಿಸಿ, ಖನಿಜಕ್ಕೆಂದು ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ, ಕೊನೆಗೆ ಓಝೋನ್ ಹಾಯಿಸಿದ್ದರು. ಆ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿದ್ದ ಬ್ರೋಮೈಡ್ ಬ್ರೋಮೇಟ್ ಆಗಿ ಮಿತಿ ಮೀರಿತ್ತು. ಕ್ರಿಪ್ಟೋಸ್ಪೊರಿಡಿಯಂ ಕೊಲ್ಲಲು ಓಝೋನ್ ಸುರಿಯುವ ಬದಲು ಆ ಕೆಲಸ ಯುವಿಗೆ ಬಿಟ್ಟು ಓಝೋನ್ ಕಡಿಮೆ ಹಾಕಿದರೆ ಬ್ರೋಮೇಟ್ ಭಯವೂ ತಗ್ಗುತ್ತದೆ. ಜೋಡಿ ಮಾಡುವುದಕ್ಕೆ ಇದೂ ಒಂದು ಕಾರಣ.

ಘಟಕದಿಂದ ನಳದವರೆಗೆ

ಯುವಿ ನೀರಿನಲ್ಲಿ ಏನನ್ನೂ ಬಿಟ್ಟುಹೋಗುವುದಿಲ್ಲ. ಓಝೋನ್ ಸ್ವಲ್ಪ ಹೊತ್ತಿನಲ್ಲಿ ಮಾಯ. ಅಂದರೆ ಘಟಕ ದಾಟಿದ ಮೇಲೆ ನೀರನ್ನು ಕಾಯುವವರು ಯಾರೂ ಇಲ್ಲ. ಓಝೋನ್ ದೊಡ್ಡ ಸಾವಯವ ಅಣುಗಳನ್ನು ಚೂರು ಮಾಡಿರುತ್ತದೆ ಬೇರೆ, ಆ ಚೂರುಗಳು ಪೈಪಿನಲ್ಲಿ ಉಳಿದ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಮೇವು. ಹಾಗಾಗಿ ತಿಳಿದವರು ಓಝೋನಿನ ಹಿಂದೆ ಇದ್ದಿಲಿನ ಹಾಸು ಇಡುತ್ತಾರೆ; ಅದರೊಳಗೆ ಬೆಳೆದ ಸೂಕ್ಷ್ಮಜೀವಿಗಳು ಆ ಚೂರುಗಳನ್ನು ಅಲ್ಲೇ ತಿಂದು ಮುಗಿಸುತ್ತವೆ.

ಆಮ್‌ಸ್ಟರ್‌ಡಾಂ ನಗರ ಓಝೋನ್, ಇದ್ದಿಲು, ಮರಳು ಇವುಗಳನ್ನು ದಾಟಿಸಿದ ನೀರನ್ನು ಕ್ಲೋರಿನ್ ಹಾಕದೆಯೇ ಮನೆಗಳಿಗೆ ಕಳಿಸುತ್ತದೆ. ಅಲ್ಲಿನ ಪೈಪಿನಲ್ಲಿ ಇಪ್ಪತ್ನಾಲ್ಕು ಗಂಟೆಯೂ ಒತ್ತಡ ಇರುತ್ತದೆ, ಸೋರಿಕೆ ಬಹಳ ಕಡಿಮೆ. ನಮ್ಮಲ್ಲಿ ಪರಿಸ್ಥಿತಿ ಬೇರೆ. ಬೆಳಗಾವಿಗೆ ರಾಕಸಕೊಪ್ಪ ಮತ್ತು ಹಿಡಕಲ್ ಜಲಾಶಯಗಳಿಂದ, ವಿಜಯಪುರಕ್ಕೆ ಕೊಲ್ಹಾರದ ಬಳಿ ಕೃಷ್ಣೆಯ ಹಿನ್ನೀರಿನಿಂದ ನೀರು ಬರುತ್ತದೆ. ಬೆಳಗಾವಿಯ ಕೆಲವು ವಾರ್ಡುಗಳಲ್ಲಿ 2008ರಲ್ಲಿ ವಿಶ್ವಬ್ಯಾಂಕ್ ನೆರವಿನಿಂದ ನಿರಂತರ ನೀರಿನ ಪ್ರಾತ್ಯಕ್ಷಿಕೆ ನಡೆದದ್ದು ದೇಶಕ್ಕೇ ಸುದ್ದಿಯಾಯಿತು. ಆದರೆ ನೀರು ದಿನ ಬಿಟ್ಟು ದಿನ, ವಾರಕ್ಕೊಮ್ಮೆ ಬರುವ ಓಣಿಗಳಲ್ಲಿ ಪೈಪು ಬಹುಪಾಲು ಹೊತ್ತು ಖಾಲಿ. ಖಾಲಿ ಪೈಪಿನ ಬಿರುಕಿನಿಂದ ಪಕ್ಕದ ಗಟಾರದ ನೀರು ಒಳಗೆ ಜಿನುಗಬಹುದು. ಬಂದ ನೀರು ಹೌದದಲ್ಲಿ ನಾಲ್ಕೆಂಟು ದಿನ ನಿಲ್ಲುತ್ತದೆ, ಅದರೊಳಗೆ ಕೊಡ ಮುಳುಗುತ್ತದೆ, ಕೈ ಮುಳುಗುತ್ತದೆ. ಇಷ್ಟು ದೂರ ಕಾಯಬಲ್ಲದ್ದು ಕ್ಲೋರಿನ್ ಒಂದೇ. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕೆಂದು ಮಾನಕ ಹೇಳುತ್ತದೆ. ಓಝೋನ್, ಯುವಿ ಬಂದರೆ ಕ್ಲೋರಿನ್ ವಾಸನೆ ಪೂರ್ತಿ ತಪ್ಪುತ್ತದೆ ಎಂದುಕೊಂಡವರಿಗೆ ನಿರಾಸೆಯಾಗಬಹುದು. ಹಾಕುವ ಪ್ರಮಾಣ ಕಡಿಮೆಯಾಗುತ್ತದೆ, ಅಷ್ಟೇ. ಇನ್ನೊಂದು, ಎರಡಕ್ಕೂ ಕರೆಂಟ್ ಬೇಕು. ಕರೆಂಟ್ ಹೋದಾಗ ಯಂತ್ರ ನಿಲ್ಲುತ್ತದೆ, ಬ್ಲೀಚಿಂಗ್ ಪೌಡರ್ ನಿಲ್ಲುವುದಿಲ್ಲ.

ಕ್ಯಾನ್ ತುಂಬುವಲ್ಲಿ

ಕ್ಯಾನ್ ನೀರಿನ ಘಟಕಗಳಲ್ಲಿ ಕ್ರಮ ಸಾಮಾನ್ಯವಾಗಿ ಉಲ್ಟಾ: ಆರ್‌ಒ, ಆಮೇಲೆ ಯುವಿ, ಎಲ್ಲಕ್ಕೂ ಕೊನೆಗೆ ಓಝೋನ್. ಇದು ತಪ್ಪಲ್ಲ. ನೀರಿನಲ್ಲಿ ಉಳಿದ ಓಝೋನ್ ಕ್ಯಾನಿನ ಒಳಗೋಡೆಯನ್ನೂ ಮುಚ್ಚಳವನ್ನೂ ಶುದ್ಧ ಮಾಡಿ ಆಮೇಲೆ ಆಮ್ಲಜನಕವಾಗಲಿ ಎನ್ನುವುದು ಉದ್ದೇಶ. ಹಾಗಂತ ಪಾಚಿ ಕಟ್ಟಿದ ಕ್ಯಾನನ್ನು ತೊಳೆಯದೆ ತುಂಬಿದರೆ ಆ ಚೂರು ಓಝೋನಿನಿಂದ ಏನೂ ಆಗದು. ದೀಪ ಬದಲಿಸಿದ ತಾರೀಖು, ಗಾಜಿನ ತೋಳು ತೊಳೆದ ತಾರೀಖು ಬರೆದಿಟ್ಟಿದ್ದಾರೆಯೇ ಎಂದು ಕೇಳಬಹುದು; ಚೆನ್ನಾಗಿ ನಡೆಸುವವರಿಗೆ ಈ ಪ್ರಶ್ನೆಯಿಂದ ಸಿಟ್ಟು ಬರುವುದಿಲ್ಲ. ತುಂಬುವ ಕೋಣೆಯಲ್ಲೇ ಓಝೋನಿನ ಘಾಟು ಹೊಡೆದರೆ ಅದು ಒಳ್ಳೆಯ ಲಕ್ಷಣವಲ್ಲ, ಅನಿಲ ಸೋರುತ್ತಿದೆ ಎಂದರ್ಥ. ಉಸಿರಿಗೆ ಹೋದರೆ ಕೆಮ್ಮು, ಎದೆ ಬಿಗಿತ ತರುತ್ತದೆ. ಅಲ್ಲಿ ದಿನವಿಡೀ ಕೆಲಸ ಮಾಡುವ ಹುಡುಗರಿಗೆ ಅದರ ತೊಂದರೆ ಹೆಚ್ಚು.

ಮನೆಗೆ ಬಂದ ಕ್ಯಾನಿನ ಮುಚ್ಚಳ ತೆಗೆದ ಮೇಲೆ ಅದು ಹೌದದ ನೀರಿನಷ್ಟೇ ಅನಾಥ. ಯಾವ ಯಂತ್ರವೂ ಇಲ್ಲದ ಮನೆಯಲ್ಲಿ, ದಪ್ಪ ಬಟ್ಟೆಯಲ್ಲಿ ಸೋಸಿದ ನೀರು ಕೊತಕೊತ ಒಂದು ನಿಮಿಷ ಕುದಿದರೆ ಬ್ಯಾಕ್ಟೀರಿಯಾ, ವೈರಸ್, ಕ್ರಿಪ್ಟೋಸ್ಪೊರಿಡಿಯಂ ಮೂರೂ ಸಾಯುತ್ತವೆ.

ಪರೀಕ್ಷೆ ಮಾಡಿಸಬೇಕೆನ್ನುವವರಿಗೆ ದಾರಿ ದೂರವಿಲ್ಲ. ಜಲ ಜೀವನ್ ಮಿಷನ್ ಅಡಿಯಲ್ಲಿ ಹಳ್ಳಿಗಳಿಗೆ ಫೀಲ್ಡ್ ಟೆಸ್ಟ್ ಕಿಟ್ ಕೊಟ್ಟು, ಪ್ರತಿ ಹಳ್ಳಿಯಲ್ಲಿ ಐದು ಜನ ಮಹಿಳೆಯರಿಗೆ ತರಬೇತಿ ಕೊಡುವ ವ್ಯವಸ್ಥೆ ಇದೆ. ಕಿಟ್ ಎಲ್ಲಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ಕೇಳಬಹುದು. ಬ್ಯಾಕ್ಟೀರಿಯಾ ಪರೀಕ್ಷೆಯ ಸಣ್ಣ ಶೀಶೆಗೆ ಗುರುತಿನವರೆಗೆ ನೀರು ತುಂಬಿ ಮುಚ್ಚಿ, 24ರಿಂದ 48 ಗಂಟೆ ಬೆಚ್ಚಗಿನ ಕಡೆ ಇಡಬೇಕು. ನೀರು ಕಪ್ಪಾದರೆ ಮಲದ ಸೋಂಕು ಇರುವ ಸಾಧ್ಯತೆ ಹೆಚ್ಚು. ಫ್ಲೋರೈಡಿಗೆ, ನೈಟ್ರೇಟಿಗೆ ಅದೇ ಕಿಟ್ಟಿನಲ್ಲಿ ಬೇರೆ ಪರೀಕ್ಷೆಗಳಿವೆ. ಅದರಲ್ಲಿ ಹೆಚ್ಚು ಕಂಡರೆ ಖಚಿತ ಅಂಕಿಗೆ ಜಿಲ್ಲಾ ಪ್ರಯೋಗಾಲಯಕ್ಕೆ ನೀರು ಕಳಿಸಬೇಕು.